ಅಟ್ಟದ ಮೇಲಿನ ಕೊನೆಯ ದೈತ್ಯ

ಈ ಭಾನುವಾರ ಮಧ್ಯಾಹ್ನದೊಳಗೆ ಕೊನೆಯ ದೈತ್ಯನನ್ನು ಕೆಡವದಿದ್ದರೆ ನನ್ನ ಹೆಸರು ಜ್ಞಾನೇಶನೇ ಅಲ್ಲ! ಹೀಗೆಂದು ಹೈಸ್ಕೂಲು ಮೇಷ್ಟ್ರು ಜ್ಞಾನೇಶ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಬಚ್ಚಲುಮನೆಯ ಕನ್ನಡಿಯೆದುರು ಶಪಥ ಮಾಡಿದ. ಕನ್ನಡಿಯಲ್ಲಿದ್ದವನು ನೊರೆ ಉಗುಳಿ ಒಪ್ಪಿಗೆ ಸೂಚಿಸಿದ.

ದೈತ್ಯ ಇದ್ದದ್ದು ವಿಡಿಯೋ ಗೇಮಿನೊಳಗೆ. ತಿಪಟೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ಅಜ್ಮತ್‌ನಿಂದ ಜ್ಞಾನೇಶ ಎರಡು ಸಾವಿರದ ಮೂರನೇ ಇಸವಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೆಷೀನು ಕೊಂಡಿದ್ದ. ಟಿ.ವಿ.ಗೆ ಸಿಕ್ಕಿಸಿ, ಸಿ.ಡಿ. ಹಾಕಿ, ಎರಡು ಕೈಯಲ್ಲೂ ರಿಮೋಟು ಹಿಡಿದು ಆಡುವಂಥದ್ದು. ಏಟು ಬಿದ್ದರೆ ರಿಮೋಟು ಗರ್ರ್ ಎಂದು ಕೈಯಲ್ಲೇ ನಡುಗುತ್ತಿತ್ತು. ಸಿ.ಡಿ.ಗಳ ಮೇಲೆ ಅಜ್ಮತ್ ಸ್ಕೆಚ್ ಪೆನ್ನಿನಲ್ಲಿ 'ಫೈಟು', 'ಗನ್ನು', 'ದೆವ್ವ', 'ಕತ್ತಿ' ಎಂದು ಬರೆದುಕೊಟ್ಟಿದ್ದ.

ವಂಶದಲ್ಲೇ ಮೊದಲು ಡಿಗ್ರಿ ಮುಗಿಸಿದವನು ಜ್ಞಾನೇಶ. ಎಸ್.ಎಸ್.ಎಲ್.ಸಿ.ಯಿಂದ ಬಿ.ಇಡಿ.ವರೆಗೆ ಎಲ್ಲವನ್ನೂ ನೋಟ್ಸ್ ಬರೆದೇ ಗೆದ್ದವನು. ಹಾಗಾಗಿ ಗೇಮಿಗೂ ಇನ್ನೂರು ಪುಟದ ನೋಟ್ ಬುಕ್ಕು, ಮುಖ್ಯಾಂಶಗಳಿಗೆ ಕೆಂಪು ಇಂಕಿನ ಅಡಿಗೆರೆ! ಅಭಿಪ್ರಾಯಗಳೂ ಅಷ್ಟೇ ಖಚಿತ. ಯಾರೂ ಕೇಳದಿದ್ದರೂ ಸ್ಟಾಫ್ ರೂಮಿನಲ್ಲಿ ಹಂಚುತ್ತಿದ್ದ.

"'ಫೈಟು' ಆಟಾನೇ ಅಲ್ಲ ಕಣ್ರೀ, ಸಂತೆ ಜಗಳ. ಕಣ್ ಮುಚ್ಕೊಂಡು ಗುಂಡಿ ಕುಟ್ಟಿದೋನೂ ಗೆಲ್ತಾನೆ. 'ಗನ್ನು' ಬರೀ ಶೋಕಿ. ಗುಂಡು ಖಾಲಿನೇ ಆಗಲ್ಲ, ಭಯ ಎಲ್ಲಿಂದ ಬರ್ಬೇಕು? 'ದೆವ್ವ' ಪರವಾಗಿಲ್ಲ. ಆರು ಗುಂಡು ಕೊಟ್ಟು ಏಳು ದೆವ್ವ ಬಿಡ್ತಾನೆ, ನಮ್ಮ ಸಂಬಳದ ಹಂಗೆ. ಆದ್ರೆ 'ಕತ್ತಿ' ಇದೆಯಲ್ಲ, ಅದು ಆಟ! ಎದುರಾಳಿ ಭುಜ ಎತ್ತೋದನ್ನ ನೋಡ್ಬೇಕು, ಉಸಿರು ಬಿಗಿ ಹಿಡೀಬೇಕು, ಒಂದೇ ಏಟು ಹಾಕ್ಬೇಕು. ಒಂದೇ ದೋಷ ಅಂದ್ರೆ, ನಾವು ಮೂಲೆಗೆ ಸಿಕ್ಕೊಂಡಾಗ ಕ್ಯಾಮೆರಾ ಬಂದು ಗೋಡೆ ತೋರಿಸುತ್ತೆ. ಹೊಡೀತಿರೋನು ಎಲ್ಲವ್ನೆ ಅಂತಾನೇ ಗೊತ್ತಾಗಲ್ಲ!"

"ಮೇಷ್ಟ್ರೇ," ಎಂದು ಡ್ರಾಯಿಂಗ್ ಮೇಷ್ಟ್ರು ಬೆಟ್ಟಸ್ವಾಮಿ ಒಮ್ಮೆ ಮೆಲ್ಲಗೆ ಕೇಳಿದ್ದರು, "ಒಂಬತ್ತನೇ ಬಿ ಸೆಕ್ಷನ್ನು ಹತ್ತು ನಿಮಿಷದಿಂದ ಕಿರುಚ್ತಾ ಇದೆ. ಆ ಕ್ಲಾಸು ನಿಮ್ಮದೇ ಅಲ್ವೇ?"

ಮನೆಯಲ್ಲಿ ಇಷ್ಟು ಮೆಲ್ಲಗೆ ಕೇಳುವವರಿರಲಿಲ್ಲ. ಹೆಂಡತಿ ಮಧುಶ್ರೀ ತವರಿನಿಂದ ಬಂದು ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಗಂಡನಿಗಾಗಿ ಕಾದ ದಿನ, ಮನೆಗೆ ಬಂದವಳು ಚೀಲವನ್ನೂ ಇಳಿಸಲಿಲ್ಲ.

"ಹತ್ತು ಸಲ ಫೋನ್ ಮಾಡ್ದೆ. ಕೇಳಿಸ್ಲಿಲ್ವಾ?"

"ಮೂರನೇ ಬಾಗಿಲ ಹತ್ರ ಇದ್ದೆ ಕಣೇ! ಸುತ್ತ ಹನ್ನೆರಡು ಜನ ಕತ್ತಿ ಹಿಡ್ಕೊಂಡು..."

"ನನ್ ಸುತ್ತಾನೂ ಹನ್ನೆರಡು ಜನ ಇದ್ರು ಕಣ್ರೀ. ಎಲ್ರೂ ಆಟೋದೋರು! ನಾಳೆನೇ ಆ ಮೆಷೀನು ಅಜ್ಮತ್‌ಗೆ ವಾಪಸ್ ಹೋಗ್ಬೇಕು."

"ಹೋಗುತ್ತೆ."

"ಮಾತು?"

"ಮಾತು!"

ಮರುದಿನ ಜ್ಞಾನೇಶ ಮೆಷೀನನ್ನು ಚೀಲಕ್ಕೆ ಹಾಕಿ ಎಲ್ಲರೆದುರು ಮುಂಬಾಗಿಲಿನಿಂದ ಹೊರಟ. ಮನೆ ಸುತ್ತಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಚೀಲವನ್ನು ಅಟ್ಟಕ್ಕೆ ಏರಿಸಿದ. ಏಕೆಂದರೆ 'ಕತ್ತಿ'ಯಲ್ಲಿ ಉಳಿದದ್ದು ಕೊನೆಯ ದೈತ್ಯನೊಬ್ಬನೇ. ಅವನೊಬ್ಬನನ್ನು ಮುಗಿಸಿ ಮೆಷೀನು ಕೊಟ್ಟುಬಿಟ್ಟರೆ ಆಡಿದ ಮಾತು ನಿಜವೇ ಆಗುತ್ತದೆ, ಹತ್ತು ದಿನ ತಡವಾಗಿ ಅಷ್ಟೇ!

ಅಟ್ಟದ ಮೇಲೆ ಅಪ್ಪ ಮರುಳಸಿದ್ದಯ್ಯನವರು ಹರಡಿದ್ದ ನಾಲ್ಕು ಸಾವಿರ ತೆಂಗಿನಕಾಯಿ ಹನ್ನೊಂದು ತಿಂಗಳಿಂದ ಒಣಗುತ್ತಿದ್ದವು. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವವರೆಗೆ ಅವು ಅಲ್ಲೇ ಇರಬೇಕು. ಗಾಳಿಯಾಡಲೆಂದು ಅಟ್ಟದ ನೆಲಕ್ಕೆ ಹಲಗೆಯ ಬದಲು ಸಂದಿ ಬಿಟ್ಟು ರೀಪರು, ಅಂದರೆ ಸಣ್ಣ ಮರದ ಪಟ್ಟಿ, ಹೊಡೆದಿದ್ದರು. ಮೇಲಿದ್ದವನಿಗೆ ಕೆಳಗಿನ ನಡುಮನೆ, ಅಡುಗೆಮನೆ ಎರಡೂ ಪಟ್ಟಿಪಟ್ಟಿಯಾಗಿ ಕಾಣುತ್ತಿದ್ದವು.

ಭಾನುವಾರ ಮನೆಯವರೆಲ್ಲ ತುರುವೇಕೆರೆಗೆ ನಾಮಕರಣಕ್ಕೆ ಹೋದರು. ಜ್ಞಾನೇಶನಿಗೆ ಪೇಪರ್ ತಿದ್ದುವ ಕೆಲಸವಿತ್ತಂತೆ! ಜೀಪಿನ ಸದ್ದು ಮರೆಯಾಗುತ್ತಲೇ ಚಿಕ್ಕ ಟಿ.ವಿ.ಯನ್ನು ಕಂಕುಳಲ್ಲಿ ಅವುಚಿಕೊಂಡು ಏಣಿ ಹತ್ತಿದ. ಸಂದಿಯಲ್ಲಿ ವೈರು ಇಳಿಬಿಟ್ಟು, ಕೆಳಗೆ ಬಂದು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ, ಮತ್ತೆ ಹತ್ತಿದ. ಸೌಂಡ್ ಪೂರ್ತಿ ಇಳಿಸಿದ.

ದೈತ್ಯ ಎರಡು ಸಲ ಅವನನ್ನು ಕೊಂದ. ಮೂರನೇ ಸಲ ಕಾಳಗ ಬಿಸಿಯೇರಿದ್ದಾಗ ಕೆಳಗಿನಿಂದ ಪಕ್ಕದ ಮನೆಯ ಚಿಕ್ಕಗೌರಮ್ಮನ ದನಿ ಕೇಳಿತು.

"ಮೇಷ್ಟ್ರೇ! ನುಗ್ಗೆಕಾಯಿ ಕೀಳ್ಬೇಕು, ಏಣಿ ತಗೊಂಡೋಗ್ಲಾ?"

ದೈತ್ಯ ಭುಜ ಎತ್ತಿದ್ದ. ಉತ್ತರ ಕೊಡುವ ಹೊತ್ತೇ ಅದು?

"ಬ್ಯಾಡ ಅನ್ಲಿಲ್ಲ ಅಂದ್ರೆ ಹೂಂ ಅಂತ್ಲೇ ಅರ್ಥ ಬುಡಿ," ಎಂದು ಆಕೆ ತಾನೇ ತೀರ್ಮಾನಿಸಿಕೊಂಡಳು. ಏಣಿ ನೆಲ ಕೆರೆಯುತ್ತಾ ಹೋಯಿತು.

ಹೋಗಲಿ, ಆಮೇಲೆ ಕೂಗಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು. ಮನೆಯವರು ಸಂಜೆಗೆ ಬರಬೇಕಾದವರು! ಜೊತೆಗೆ, ಅಟ್ಟದ ಕಾಯಿ ಕೊಳ್ಳಲು ಬಂದ ತಿಪಟೂರಿನ ಕೊಬ್ಬರಿ ಮಂಡಿಯ ಅಬ್ದುಲ್ ರಹೀಮ್ ಸಾಹೇಬರು. ನೋಟ್ ಬುಕ್ಕಿನ ಮೂವತ್ತೇಳನೇ ಪುಟದಲ್ಲಿ 'ಕಾಳಗದ ನಡುವೆ ಆಟ ನಿಲ್ಲಿಸುವವನು ಹೇಡಿ' ಎಂದು ಕೆಂಪಿನಲ್ಲಿ ಬರೆದಿದ್ದವನು ತಟ್ಟನೆ ಆಟ ನಿಲ್ಲಿಸಿ, ಉಸಿರನ್ನೂ ನಿಲ್ಲಿಸಿದ.

ನೇರ ಅವನ ಕೆಳಗೇ ಕುರ್ಚಿ ಹಾಕಿದರು.

"ಎಷ್ಟು ತಿಂಗಳಾಯ್ತು ಸ್ವಾಮಿ, ಕಾಯಿ ಹಾಕಿ?" ರಹೀಮ್ ಸಾಹೇಬರ ದನಿ.

"ಹನ್ನೊಂದು ತುಂಬ್ತು. ಎಲ್ಲಾ ಹದಕ್ಕೆ ಬಂದವೆ. ಒಂದ್ಸಲ ಹತ್ತಿ ನೋಡ್ಬುಡಿ."

"ಅರೆ, ಬೇರೆ ಮನೇಲಾದ್ರೆ ಒಂದೊಂದೂ ಕಿವಿ ಹತ್ರ ಹಿಡ್ದು ಅಲ್ಲಾಡಿಸ್ತೀನಿ. ನಿಮ್ಮ ಅಟ್ಟ ಹದಿನೈದು ವರ್ಷದಿಂದ ಹತ್ತಿಲ್ಲ ನಾನು. ಈ ಮನೇಲಿ ಮಾತು ಅಂದ್ರೆ ಮಾತು."

ಅಪ್ಪನ ಎದೆ ಅರ್ಧ ಅಂಗುಲ ಉಬ್ಬಿದ್ದು ಮೇಲಿನಿಂದಲೂ ಕಂಡಿತು. ಹಳ್ಳಿಯಲ್ಲಿ ಇನ್ನಾರಿಗೂ ಸಿಗದ ಮರ್ಯಾದೆ ಅದು.

ಮಧುಶ್ರೀ ಕಾಫಿ ತಂದಳು. "ನಮ್ಮೋರೂ ಹಂಗೇ ಸಾಹೇಬ್ರೇ. ಬಿಡ್ತೀನಿ ಅಂದ್ರು, ಮಾರನೇ ದಿನಾನೇ ಗೇಮ್ ಮೆಷೀನು ನಿಮ್ ಅಜ್ಮತ್‌ಗೆ ವಾಪಸ್ ಕೊಟ್ಬಂದ್ರು."

"ಅಜ್ಮತ್‌ಗಾ?" ಸಾಹೇಬರು ಲೋಟವನ್ನು ಬಾಯಿಂದ ಕೆಳಗಿಳಿಸಿದರು. "ನಮ್ಮಣ್ಣನ ಮಗ ಅವ್ನು. ದಿನಾ ಸಾಯಂಕಾಲ ಅವನ ಅಂಗಡೀಲೇ ಕೂತಿರ್ತೀನಮ್ಮ. ಮೊನ್ನೆ ಕೂಡ, ಮೇಷ್ಟ್ರು ಯಾಕೋ ತಿಂಗಳಿಂದ ಕಾಣಿಸ್ತಿಲ್ಲ ಅಂತಿದ್ದ."

ಗಂಡ ಎಲ್ಲಿ ಎಂದು ಮಧುಶ್ರೀ ಬಾಗಿಲತ್ತ ತಿರುಗಿ ನೋಡಿದಳು. ಅಟ್ಟದ ಮೇಲೆ ಜ್ಞಾನೇಶನ ಹೆಬ್ಬೆರಳು ಬೆವರಿತು, ಜಾರಿತು, ರಿಮೋಟಿನ ನಡುಗುಂಡಿಯ ಮೇಲೆ ಬಿತ್ತು. ನಿಂತಿದ್ದ ಆಟ ಶುರುವಾಗಿಬಿಟ್ಟಿತು! ದೈತ್ಯ ಕೊಟ್ಟ ಏಟಿಗೆ ರಿಮೋಟು ರೀಪರಿಗೆ ತಾಗಿ ಗರ್ರ್‌ರ್‌ರ್ ಎಂದಿತು.

"ಇಲಿ!" ಎಂದು ಅಮ್ಮ ಸಿದ್ದಗಂಗಮ್ಮ ಎದ್ದು ನಿಂತರು.

"ಇಲಿ ಅಲ್ಲಮ್ಮ, ಈ ಸದ್ದಿಗೆ ಹೆಗ್ಗಣಾನೇ ಇರ್ಬೇಕು," ಎಂದರು ಸಾಹೇಬರು.

"ಕಾಯಿ ಕೊರೆದಾಕ್ಬುಡುತ್ತೆ! ಏಣಿ ಎಲ್ಲೇ?" ಅಪ್ಪನ ದನಿಯಲ್ಲಿ ಗಾಬರಿ.

"ಏಣಿ ಯಾಕೆ? ಮೆಣಸಿನಕಾಯಿ ಹೊಗೆ ಹಾಕ್ತೀನಿ ತಡೀರಿ. ತಾನೇ ಕೆಳಕ್ಕೆ ಬೀಳುತ್ತೆ!" ಎಂದು ಅಮ್ಮ ಅಡುಗೆಮನೆಗೆ ನುಗ್ಗಿದರು.

ಒಂದು ಬಾಣಲೆ ಕೆಂಡ, ಅದರ ಮೇಲೆ ಎರಡು ಹಿಡಿ ಒಣಮೆಣಸಿನಕಾಯಿ. ಹೊಗೆ ಸಂದಿ ಸಂದಿಯಿಂದ ಎದ್ದು ಬಂತು. ಜ್ಞಾನೇಶ ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡ. ಕಣ್ಣಿಂದ, ಮೂಗಿಂದ ಧಾರಾಕಾರ! ಇನ್ನೊಂದು ಏಟು ತಿಂದರೆ ರಿಮೋಟು ಮತ್ತೆ ಗುಡುಗುತ್ತದೆ. ಸತ್ತರಂತೂ ಮೂರು ಸೆಕೆಂಡು ಬಿಡದೆ ಗುಡುಗುತ್ತದೆ. ಆಟವನ್ನು ಮತ್ತೆ ನಿಲ್ಲಿಸಬಹುದಿತ್ತು, ನಿಜ. ಆದರೆ ದೈತ್ಯನ ಪ್ರಾಣ ಕಾಲುಭಾಗಕ್ಕೆ ಇಳಿದಿತ್ತು. ಅಂಥ ಹೊತ್ತಿನಲ್ಲಿ ನಿಲ್ಲಿಸಲು ಜ್ಞಾನೇಶ ಋಷಿಯೇ?

ದೈತ್ಯ ಭುಜ ಎತ್ತಿದ. ಪಕ್ಕಕ್ಕೆ ಹಾರು. ಹೊಡಿ. ಸೀನು ಬಂತು. ಮೂಗು ಹಿಡಿ. ಆದರೆ ಕೈ ಎರಡೇ! ಮೂಗನ್ನು ಮೊಣಕಾಲಿಗೆ ಒತ್ತಿ ಸೀನನ್ನು ಒಳಗೇ ಕೊಂದ. ಹಾರು. ಹೊಡಿ. ಇನ್ನು ಮೂರೇ ಏಟು.

ಆಗ ಕೆಮ್ಮುತ್ತಾ ಮಧುಶ್ರೀ ಅಡುಗೆಮನೆಯ ಕಿಟಕಿ ತೆರೆಯಲು ಬಂದಳು. ಅವಳ ಬೈತಲೆ ಸರಿಯಾಗಿ ಸಂದಿಯ ಕೆಳಗೆ ಬಂದು ನಿಂತಿತು. ಕೈ ಕಿಟಕಿಯತ್ತ ಹೋಗಿ ಅರ್ಧಕ್ಕೇ ತಡೆದು ನಿಂತಿತು. ಗೋಡೆಯ ಮೇಲೆ ಒಂದು ಕರಿ ವೈರು. ಅವಳ ಕಣ್ಣು ಪ್ಲಗ್ಗಿನಿಂದ ಹೊರಟು, ವೈರಿನ ಜೊತೆಗೇ ಏರಿ, ಸಂದಿಗೆ ಬಂದು ನಿಂತಿತು. ಹೊಗೆಯ ನಡುವೆ ಗಂಡನ ಕಣ್ಣು ಕಂಡಿತೋ ಇಲ್ಲವೋ, ಅವಳು ಕಿಟಕಿಯನ್ನು ಮರೆತಳು. ಕೈ ನಿಧಾನವಾಗಿ ಪ್ಲಗ್ಗಿನತ್ತ ಸರಿಯಿತು.

ಎರಡೇ ಏಟು. ಹಾರು, ಹೊಡಿ! ಅವಳ ಬೆರಳು ಪ್ಲಗ್ಗನ್ನು ಹಿಡಿಯಿತು. ಒಂದೇ ಏಟು! ದೈತ್ಯ ಮಂಡಿಯೂರಿದ, ಕತ್ತಿ ಮೇಲೆದ್ದಿತು, ಕತ್ತಿ ಇನ್ನೇನು ಇಳಿಯಬೇಕು...

ಪಟ್! ಟಿ.ವಿ. ಕಪ್ಪಾಯಿತು.

"ಅಯ್ಯಯ್ಯೋ! ಒಂದೇ ಏಟಿತ್ತಲ್ಲೇ, ಕಿತ್ತಾಕ್ಬಿಟ್ಟೆಯಲ್ಲೇ ಪಾಪಿ!"

ಮೆಣಸಿನ ಹೊಗೆಗೂ ಬಾಯಿ ಬಿಡದ ಹೆಗ್ಗಣ ಹೀಗೆ ಮನುಷ್ಯ ಭಾಷೆಯಲ್ಲಿ ಕೂಗಿಕೊಂಡಿತು.

ಏಣಿ ಬಂತು. ಹೊತ್ತು ತಂದ ಚಿಕ್ಕಗೌರಮ್ಮ "ನಾನು ಕೇಳ್ಕೊಂಡೇ ತಗೊಂಡೋದೆ ಕಣಮ್ಮ, ಮೇಷ್ಟ್ರೇ ಮಾತಾಡ್ಲಿಲ್ಲ," ಎಂದು ಮೂರು ಸಲ ಹೇಳಿದಳು. ಮಸಿ ಹಿಡಿದ ಮುಖ, ಕೆಂಡದಂಥ ಕಣ್ಣು, ಕೈಯಲ್ಲಿ ರಿಮೋಟು. ಜ್ಞಾನೇಶ ಕೆಳಗಿಳಿದು ನಿಂತ. ಯಾರಾದರೂ ಬೈದರೆ ಸಾಕೆನಿಸಿತು.

ರಹೀಮ್ ಸಾಹೇಬರು ಬಹಳ ಹೊತ್ತು ಕೆಮ್ಮಿ, ಕಣ್ಣೊರೆಸಿಕೊಂಡು, ಅಪ್ಪನ ಮುಖ ನೋಡದೆ ಹೇಳಿದರು. "ಸ್ವಾಮಿ, ಬೇಜಾರು ಮಾಡ್ಕೋಬೇಡಿ. ಈ ಸಲ ಮಾತ್ರ ಕಾಯಿ ಅಲ್ಲಾಡಿಸಿ ನೋಡ್ತೀನಿ."

ಅಪ್ಪ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. ಹದಿನೈದು ವರ್ಷದ ಮರ್ಯಾದೆ ಹೋಗುವಾಗ ಅಷ್ಟೇ ಸದ್ದಾಯಿತು.

"ಕಾಯಿ ಇಳಿಸೋ," ಎಂದರು ಮಗನಿಗೆ.

ಒಂದಲ್ಲ, ಎರಡಲ್ಲ, ನಾಲ್ಕು ಸಾವಿರ! ಜ್ಞಾನೇಶ ಬುಟ್ಟಿ ತುಂಬಿ ಏಣಿ ಇಳಿದ, ಹತ್ತಿದ, ಇಳಿದ. ಅಂಗಳದಲ್ಲಿ ಸಾಹೇಬರು ಒಂದೊಂದೇ ಕಾಯಿ ಎತ್ತಿ ಕಿವಿಗೆ ಹಿಡಿದರು. ಲೊಡಲೊಡ. ಪಕ್ಕಕ್ಕೆ. ಇನ್ನೊಂದು. ಒಂದು ಕಾಯಿ ಸುಮ್ಮನಿದ್ದರೂ ಅಪ್ಪನ ಮಾತು ಸುಳ್ಳು! ಪ್ರತಿ ಕಾಯಿಗೂ ಅಪ್ಪನ ಉಸಿರು ನಿಲ್ಲುವುದು, ಲೊಡಲೊಡ ಎಂದ ಮೇಲೆ ಹೊರಡುವುದು. ಅದನ್ನು ನೋಡುತ್ತಾ ಜ್ಞಾನೇಶನ ಉಸಿರೂ ಹಾಗೆಯೇ ಆಡತೊಡಗಿತು. ಒಂದು ಕಾಯಿಯನ್ನು ಸಾಹೇಬರು ಎರಡು ಸಲ ಅಲ್ಲಾಡಿಸಿದಾಗ ಅವನು ಏಣಿಯ ನಡುವೆಯೇ ಕಣ್ಣು ಮುಚ್ಚಿ ನಿಂತ. ಲೊಡಲೊಡ!

ಸೂರ್ಯ ತೋಟದ ಹಿಂದಕ್ಕಿಳಿದಾಗ ಕೊನೆಯ ಕಾಯಿಯೂ ಪಕ್ಕಕ್ಕೆ ಬಿತ್ತು. ಸಾಹೇಬರು ಎದ್ದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು.

"ಒಂದೂ ಸುಳ್ಳು ಹೇಳ್ಲಿಲ್ಲ ಸ್ವಾಮಿ. ನಾಲ್ಕು ಸಾವಿರವೂ ಹದಕ್ಕೆ ಬಂದವೆ. ಮುಂದಿನ ವರ್ಷ ನಾನು ಅಟ್ಟದ ಕಡೆ ತಲೇನೂ ಎತ್ತಲ್ಲ."

ಅಪ್ಪ ನಕ್ಕರು. ಆ ನಗು ಕಂಡು ಜ್ಞಾನೇಶನಿಗೆ ಹೋದ ಜೀವ ಬಂತು. ಜೀವದ ಜೊತೆಗೆ ಬಾಯಿಯೂ ಬಂತು.

"ಮತ್ತೆ! ನಮ್ಮ ಅಟ್ಟ ಅಂದ್ರೆ ಸುಮ್ನೇನಾ? ಅದರ ಮೇಲೆ ಇದ್ದದ್ದು ಹದಕ್ಕೆ ಬರ್ದೆ ಇರೋದುಂಟಾ?"

ಮಧುಶ್ರೀ ಏಣಿಯ ಮೇಲೆ ಕೈಯಿಟ್ಟಳು.

"ಕಾಯಿ ಹನ್ನೊಂದು ತಿಂಗಳು ಇದ್ವು ಕಣ್ರೀ, ನೀವು ಇದ್ದದ್ದು ಬರೀ ಮೂರು ಗಂಟೆ. ಹತ್ತಿ. ಏಣಿ ನಾನು ತೆಗೀತೀನಿ."