ಗದ್ಯಭಾಗ ಓದಿ ಉತ್ತರಿಸುವ ಸಂಕಟ

ಬೇರೆಯವರಿಗೆ ವರ್ಷಗಟ್ಟಲೆ ಕಲಿಸಿದ ವಿದ್ಯೆ ನಮಗೂ ಬರುತ್ತದೆಂದು ನಂಬುವುದು ನಮ್ಮ ಮಾಸ್ತರಿಕೆಯ ದೊಡ್ಡ ಭ್ರಮೆ. ಈಜು ಕಲಿಸುವವರಿಗೆ ಈ ಭ್ರಮೆ ಇರಲು ಸಾಧ್ಯವಿಲ್ಲ. ಬರದಿದ್ದರೆ ಮೊದಲ ದಿನವೇ ಗೊತ್ತಾಗಿಬಿಡುತ್ತದೆ. ಕನ್ನಡ ಟೀಚರಾದ ನನಗೆ ಗೊತ್ತಾಗಲು ಇಪ್ಪತ್ತೆರಡು ವರ್ಷ ಬೇಕಾಯಿತು.

ನಾನು ಕಲಬುರಗಿಯ ಗಾಜಿಪುರದವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಮಲಾಪುರದ ಶಾಲೆಗೆ ಹೋಗುತ್ತೇನೆ. ಅಲ್ಲಿ ಐದನೆಯ ತರಗತಿಯ ಕನ್ನಡ ನನ್ನದು. ಅದರಲ್ಲೂ ‘ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿರಿ’ ಎಂಬುದು ನನ್ನ ಖಾಸಾ ಜಾಗೀರು. ನನ್ನ ಮಕ್ಕಳು ಅದರಲ್ಲಿ ಒಂದಂಕವೂ ಕಳೆದುಕೊಳ್ಳುತ್ತಿರಲಿಲ್ಲ. ಗುಟ್ಟು ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಗದ್ಯ ಓದುವ ಗೋಜಿಗೇ ಹೋಗಬಾರದು. ಮೊದಲು ಪ್ರಶ್ನೆ ಹಿಡಿಯಬೇಕು, ಅದರೊಳಗಿನ ಒಂದು ದಪ್ಪ ಪದ ಹೆಕ್ಕಬೇಕು, ಗದ್ಯದಲ್ಲಿ ಅದೇ ಪದ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಬೇಕು, ಸಿಕ್ಕ ಸಾಲನ್ನು ಹಾಗೆಯೇ ಎತ್ತಿ ಬರೆಯಬೇಕು. ಅನುಮಾನವಿದ್ದರೆ ಹಿಂದಿನ ಸಾಲು, ಮುಂದಿನ ಸಾಲು ಎರಡನ್ನೂ ಸೇರಿಸಬೇಕು. ಅರ್ಥ ಆಗಲೇಬೇಕೆಂಬ ಹಟ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ.

ಹೀಗೆ ಸುಖವಾಗಿದ್ದಾಗ, ನಮ್ಮಂಥ ಹಳೆಯ ಟೀಚರುಗಳೂ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿಗೇ ಸಂಚಕಾರ ಎಂಬ ಸುದ್ದಿ ಬಂತು. ನೂರೈವತ್ತು ಅಂಕ, ತೊಂಬತ್ತು ಬಂದರೆ ಪಾಸು. ನಲವತ್ತೆಂಟನೆಯ ವಯಸ್ಸಿನಲ್ಲಿ ನಾಪಾಸಾದರೆ ಗಲ್ಲಿಯಲ್ಲಿ ಹೇಗೆ ಮುಖ ತೋರಿಸುವುದು? ಮಕ್ಕಳು ‘ಟೀಚರ್ ಫೇಲ್’ ಎಂದು ಗೋಡೆಯ ಮೇಲೆ ಬರೆದರೆ? ಅದನ್ನು ತಪ್ಪಿಲ್ಲದೆ ಬರೆಯುವಷ್ಟು ಕನ್ನಡವನ್ನು ನಾನೇ ಕಲಿಸಿದ್ದೇನಲ್ಲ ಎಂಬ ಚಿಂತೆ ಬೇರೆ. ಕಪನೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ನನ್ನ ಮುಖ ನೋಡಿ, “ಏನs, ಪರೀಕ್ಷಾಕ್ಕ ಹೊಂಟಿಯೋ, ಫಾಶಿಗೆ ಹೊಂಟಿಯೋ?” ಎಂದರು. ಅವರು ಸಮಾಧಾನ ಹೇಳುವ ರೀತಿ ಯಾವಾಗಲೂ ಹೀಗೆ.

ಕಾಪಾಡಲು ಬಂದವಳು ಅಂಬಿಕಾ. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ನಮ್ಮ ಶಾಲೆಯಲ್ಲೇ ಅತಿಥಿ ಶಿಕ್ಷಕಿ. ಈ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದವಳು. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕೂತಳೆಂದರೆ ಕಮಲಾಪುರದವರೆಗೂ ನನಗೆ ಪಾಠ. ಹಳೆಯ ಪ್ರಶ್ನೆಪತ್ರಿಕೆ ತೆಗೆದು, “ಅಕ್ಕೋರೆ, ಇದು ಬಿಡಸ್ರಿ” ಎನ್ನುತ್ತಿದ್ದಳು. ನಾನು ಕನ್ನಡಕ ಏರಿಸಿ ನನ್ನ ಹಳೆಯ ವಿದ್ಯೆಯಂತೆ ದಪ್ಪ ಪದ ಹುಡುಕುತ್ತಿದ್ದೆ. ಆದರೆ ಈ ಪರೀಕ್ಷೆಯವರು ನನಗಿಂತ ಕಿಲಾಡಿಗಳು. ‘ಗದ್ಯದಲ್ಲಿ ಹೇಳದೆ ಇರುವ ವಿಷಯ ಯಾವುದು?’ ಎಂದು ಕೇಳಿದ್ದರು. ಇರುವುದನ್ನು ಹುಡುಕಬಹುದು, ಇಲ್ಲದ್ದನ್ನು ಎಲ್ಲಿ ಬೆರಳಿಟ್ಟು ಹುಡುಕಲಿ? ಮಹಾಗಾಂವದಿಂದ ಕಮಲಾಪುರದವರೆಗೆ ಹುಡುಕಿದೆ, ಸಿಗಲಿಲ್ಲ.

“ಪೂರಾ ಓದ್ರಿ ಅಕ್ಕೋರೆ, ಗಡಬಡಿ ಮಾಡಬ್ಯಾಡ್ರಿ. ಮೊದಲ ಸಾಲಿನಿಂದ ಕಡೀ ಸಾಲಿನ ತನಕ ಓದ್ರಿ,” ಎಂದಳು.

ಪೂರಾ ಓದಿದಾಗ ಬೇರೆಯೇ ರೋಗ ಹೊರಬಿತ್ತು. ಒಂದು ದಿನ ಬಾಳೆಯ ಮೇಲೊಂದು ಗದ್ಯ ಬಂತು. ಹಣ್ಣಾದ ಬಾಳೆಯ ಬಣ್ಣ ಯಾವುದು ಎಂಬ ಪ್ರಶ್ನೆ. ಹಸಿರು, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಉತ್ತರ. ನಾನು ಹಿಂದೆಮುಂದೆ ನೋಡದೆ ಕೆಂಪು ಎಂದೆ. ಕಮಲಾಪುರದ ಅನ್ನ ಉಣ್ಣುವವಳು ಇನ್ನೇನು ಹೇಳಬೇಕು? ಊರಿಗೆ ಊರೇ ಕೆಂಪು ಬಾಳೆಗೆ ಹೆಸರಾಗಿದೆ. ಶಾಲೆ ಬಿಟ್ಟ ಮೇಲೆ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಬೀಗರಿಗೆ ಕೊಟ್ಟು ಮಾನ ಉಳಿಸಿಕೊಂಡವಳು ನಾನು.

“ಗದ್ಯದಾಗ ಹಳದಿ ಅಂತ ಅದ ನೋಡ್ರಿ,” ಎಂದಳು ಅಂಬಿಕಾ.

“ಗದ್ಯ ಬರೆದಾಂವ ನಮ್ಮ ಕಡೆ ಬಂದಿಲ್ಲ. ತಪ್ಪು ಬರದಾನ.”

“ಬರೀಲಿ ಬಿಡ್ರಿ. ನಿಮಗ ಖರೇ ಏನು ಅಂತ ಅವ್ರು ಕೇಳಿಲ್ಲ. ತಾವು ಬರದಿದ್ದು ಏನು ಅಂತ ಕೇಳ್ಯಾರ.”

ನಮ್ಮ ಹಿಂದಿನ ಸೀಟಿನಲ್ಲಿ ತೊಗರಿಬೇಳೆಯ ಚೀಲ ಕಾಲ ಮೇಲಿಟ್ಟುಕೊಂಡು ಕೂತಿದ್ದ ಯಜಮಾನರು ತಡೆಯಲಾರದೆ ಬಾಗಿ, “ಟೀಚರ್ ಹೇಳೂದು ಖರೇ ಅದ ನೋಡವ್ವಾ, ಕೆಂಪs” ಎಂದು ತೀರ್ಪು ಕೊಟ್ಟರು. ನನಗೆ ಭಾಳ ಬಲ ಬಂದಂತಾಯಿತು. ಪರೀಕ್ಷೆಯ ಕೊಠಡಿಗೆ ಅವರನ್ನು ಬಿಡುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಅಂತೂ ಎರಡು ತಿಂಗಳು ನನಗೆ ಗೊತ್ತಿರುವುದನ್ನೆಲ್ಲ ಮರೆಯುವ ಅಭ್ಯಾಸ ಮಾಡಿದೆ. ಪರೀಕ್ಷೆಯ ದಿನ ಬಂತು. ಕಲಬುರಗಿಯ ಕಾಲೇಜೊಂದರ ಬೆಂಚಿನ ಮೇಲೆ, ನನ್ನ ಮಗಳ ವಯಸ್ಸಿನವರ ನಡುವೆ ಕೂತೆ. ಪತ್ರಿಕೆ ಬಿಚ್ಚಿದರೆ ಜೋಳದ ರೊಟ್ಟಿಯ ಮೇಲೆ ಗದ್ಯ! ರೊಟ್ಟಿಯನ್ನು ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ ಎಂದು ಆ ಪುಣ್ಯಾತ್ಮ ಬರೆದಿದ್ದ. ಬಡಿಯದ ರೊಟ್ಟಿಯೂ ಒಂದು ರೊಟ್ಟಿಯೇ? ನನ್ನ ಅತ್ತೆ ಕೇಳಿದ್ದರೆ ಪತ್ರಿಕೆಯನ್ನೇ ಒಲೆಗೆ ಹಾಕುತ್ತಿದ್ದರು. ‘ಬಡಿದು’ ಎಂಬ ಉತ್ತರವೂ ಅಲ್ಲೇ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಐದು ನಿಮಿಷ ಒದ್ದಾಡಿ, ಮನಸ್ಸಿನಲ್ಲೇ ಅತ್ತೆಯವರಿಗೆ ಕೈ ಮುಗಿದು, ‘ಲಟ್ಟಿಸಿ’ ಎಂಬುದಕ್ಕೆ ಗುರುತು ಹಾಕಿದೆ. ಹೊಟ್ಟೆಪಾಡು ಏನೇನು ಮಾಡಿಸುತ್ತದೆ ನೋಡಿ.

ಕೆಲವು ದಿನಗಳ ಮೇಲೆ ಒಂದು ಭಾನುವಾರ ಸರಿಯುತ್ತರಗಳ ಪಟ್ಟಿ ಮೊಬೈಲಿಗೆ ಬಂತು. ನನ್ನ ಉತ್ತರಗಳ ಕಾರ್ಬನ್ ಪ್ರತಿ ಹಿಡಿದು ಕೂತೆ. ಒಂದನೆಯ ಪ್ರಶ್ನೆಗೆ ಸರಿಯುತ್ತರ ಮೂರು, ನಾನು ಹಾಕಿದ್ದು ಒಂದು. ಎರಡನೆಯದಕ್ಕೆ ಎರಡು, ನಾನು ಹಾಕಿದ್ದು ನಾಲ್ಕು. ಕಡೆಗೆ ಒಟ್ಟು ಸೇರಿಸಿದರೆ ನಲವತ್ತೊಂದು. ಮತ್ತೊಮ್ಮೆ ಎಣಿಸಿದೆ, ನಲವತ್ತೊಂದೇ. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಅಷ್ಟು ಬರುತ್ತಿತ್ತು. ಇದರಲ್ಲೇನೋ ಗಡಬಡಿ ಇದೆ ಎಂದು ಒಂದು ಕ್ಷಣವೂ ಅನಿಸಲಿಲ್ಲ. ನನ್ನ ಯೋಗ್ಯತೆ ಕಡೆಗೂ ಬಯಲಾಯಿತು ಎಂದೇ ಅನಿಸಿತು. ಅಡುಗೆಮನೆಗೆ ಹೋಗಿ ಈರುಳ್ಳಿ ಇಲ್ಲದೆಯೇ ಅತ್ತುಬಿಟ್ಟೆ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಅಂಬಿಕಾ ತಂಗಿಯ ನಿಶ್ಚಯವೆಂದು ಎರಡು ದಿನ ರಜೆಯಲ್ಲಿದ್ದಳು, ಕೇಳಲು ಯಾರೂ ಇರಲಿಲ್ಲ. ಸೋಮವಾರ ಬಸ್ಸಿನಲ್ಲೇ ಹೆಡ್‌ಮಾಸ್ತರರಿಗೆ ಒಂದು ಅರ್ಜಿ ಬರೆದೆ. ನನಗೆ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಇಲ್ಲವೆಂದು ಸಾಬೀತಾಗಿರುವುದರಿಂದ ಐದನೆಯ ತರಗತಿಯ ಕನ್ನಡವನ್ನು ಅಂಬಿಕಾ ಅವರಿಗೆ ವಹಿಸಬೇಕೆಂದು ಕೋರಿದೆ. ಬರೆಯುವಾಗಲೇ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿ ಬಂದಿತ್ತು ಅರ್ಜಿ. ಹೆಡ್‌ಮಾಸ್ತರರು ಓದಿ, ‘ಛೇ ಛೇ, ನೀವಿಲ್ಲದೆ ಕನ್ನಡವೇ?’ ಎಂದು ಹರಿದು ಹಾಕುತ್ತಾರೆ ಎಂಬ ಧೈರ್ಯ ನನಗಿತ್ತು.

ಅವರು ಓದಿದರು. ಮುಖ ಅರಳಿತು. “ಭಾಳ ಛಲೋ ಆತ್ರಿ ಮೇಡಂ. ಬಿಸಿಯೂಟ ನೋಡಾಕ ಯಾರೂ ಒಪ್ಪವಲ್ರು. ನಾಳಿಂದ ನೀವs ನೋಡ್ರಿ,” ಎಂದು ಸಹಿ ಮಾಡಿ, ಮೇಲೊಂದು ಠಸ್ಸೆಯನ್ನೂ ಒತ್ತಿದರು.

ಬುಧವಾರ ಅಂಬಿಕಾ ಬಸ್ಸು ಹತ್ತಿದಳು. ನಾನು ಬಿಕ್ಕುತ್ತಲೇ ಎಲ್ಲ ಹೇಳಿ ಮೊಬೈಲನ್ನೂ ಕಾರ್ಬನ್ ಪ್ರತಿಯನ್ನೂ ಅವಳ ಕೈಗಿತ್ತೆ. ಅವಳು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, “ಅಕ್ಕೋರೆ, ಈ ಪುಟದ ಮೊದಲ ಸಾಲು ಓದ್ರಿ,” ಎಂದಳು.

ಓದಿದೆ. ‘ಶ್ರೇಣಿ ಎ’ ಎಂದಿತ್ತು.

“ಈಗ ನಿಮ್ಮದ್ರಾಗ ಓದ್ರಿ.”

‘ಶ್ರೇಣಿ ಸಿ.’ ಪಕ್ಕದವರದು ನೋಡಿ ಬರೆಯಬಾರದೆಂದು ಅವೇ ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ಹಿಂದೆಮುಂದೆ ಮಾಡಿ ಕೊಟ್ಟಿರುತ್ತಾರೆ, ಒಂದೊಂದಕ್ಕೂ ಬೇರೆ ಪಟ್ಟಿ. ನಾನು ಮೇಲಿನ ಸಾಲು ಓದದೆ ನೇರ ಉತ್ತರಕ್ಕೆ ಕೈ ಹಾಕಿದ್ದೆ. ಅಂಬಿಕಾ ಸರಿಯಾದ ಪಟ್ಟಿ ತೆಗೆದು ಎಣಿಸಿದಳು. ತೊಂಬತ್ತಾರು! ಪಾಸು! ನಾನು ಬಸ್ಸಿನಲ್ಲೇ ಅವಳನ್ನು ಅಪ್ಪಿಕೊಂಡೆ. ಕಮಲಾಪುರ ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಂತು, ಇಳಿದವಳೇ ಹೆಡ್‌ಮಾಸ್ತರರ ಕೋಣೆಗೆ ಓಡಿದೆ.

“ಪಾಸಾದ್ರಿ? ಭಾಳ ಸಂತೋಷ,” ಎಂದರು ಅವರು. “ಆದ್ರ ನೀವs ಬರದು ಕೊಟ್ಟೀರಿ, ನಾ ಮ್ಯಾಲೆ ಕಳಿಸೀನಿ. ಈ ವರ್ಷ ಹಿಂಗs ನಡೀಲಿ.”

ಈಗ ನಡೆಯುತ್ತಿರುವುದು ಹಾಗೆಯೇ. ನೌಕರಿ ಉಳಿಯಿತು, ಕನ್ನಡ ಹೋಯಿತು. ಓದುವ ಪರೀಕ್ಷೆ ಪಾಸಾದ ನಾನು ಸಾರಿಗೆ ಉಪ್ಪು ಸಾಕೋ ಬೇಕೋ ನೋಡುತ್ತೇನೆ. ಮೊನ್ನೆ ಸೌಟು ಹಿಡಿದುಕೊಂಡೇ ಐದನೆಯ ತರಗತಿಯ ಮುಂದೆ ಹಾಯ್ದು ಹೋಗುವಾಗ ಒಳಗಿನ ಮಾತು ಕಿವಿಗೆ ಬಿತ್ತು. ಅಂಬಿಕಾ ಮಕ್ಕಳಿಗೆ ಒಂದು ಗದ್ಯಭಾಗ ಓದಿ ಹೇಳುತ್ತಿದ್ದಳು. ಒಂದೂರಿನಲ್ಲಿ ಒಬ್ಬರು ಟೀಚರ್ ಇದ್ದರಂತೆ, ಮೇಲಿನ ಸಾಲು ಓದದೆ ಬೇರೆ ಯಾರದೋ ಉತ್ತರ ನೋಡಿ ಎರಡು ದಿನ ಅತ್ತರಂತೆ. ಹೆಸರು ಹೇಳಲಿಲ್ಲ, ಪುಣ್ಯಕ್ಕೆ. ತೊಂಬತ್ತಾರರ ಸುದ್ದಿಯನ್ನೂ ಹೇಳಲಿಲ್ಲ. ಓದಿ ಮುಗಿಸಿ, ಇದರಿಂದ ಏನು ತಿಳಿಯಿತು ಎಂದು ಕೇಳಿದಳು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಥಟ್ಟನೆ ಎದ್ದು, “ಆ ಟೀಚರ್‌ಗ ಓದಾಕ ಬರಂಗಿಲ್ರಿ!” ಎಂದಳು.

“ಶಹಾಬಾಸ್, ಕೂಡು,” ಎಂದಳು ಅಂಬಿಕಾ.

ಒಳಗೆ ನುಗ್ಗಿ ಆ ಉತ್ತರಕ್ಕೆ ದೊಡ್ಡದಾಗಿ ತಪ್ಪು ಹಾಕಬೇಕೆನಿಸಿತು. ಆದರೆ ತಪ್ಪು ಹಾಕಲು ಆ ತರಗತಿ ಈಗ ನನ್ನದಲ್ಲ.