ಹಂಡೆಯಲ್ಲಿ ಹುಟ್ಟಿದ ಜಲಪಾತಗಳು

"ಇಡೀ ಭಾರತದ ಜಲಪಾತಗಳನ್ನ ನಮ್ಮ ಅಡುಗೆಮನೇಲೇ ಇಳಿಸಿಬಿಡ್ತೀನಿ, ನೋಡ್ತಿರು!"

ಅಜ್ಜಂಪುರದ ಭೂಗೋಳದ ಮೇಷ್ಟ್ರು ಓಂಕಾರಮೂರ್ತಿ ಹೀಗೆ ಘೋಷಿಸಿದ್ದು ೧೯೭೯ರ ಒಂದು ಭಾನುವಾರ ಬೆಳಿಗ್ಗೆ. ಮಾರನೆಯ ದಿನ ಶಾಲೆಯಲ್ಲಿ ವಸ್ತುಪ್ರದರ್ಶನ.

"ಹುಟ್ಟಿದ್ದು ಆ ಒಣ ಸಿಂಗಟಗೆರೇಲಿ. ಒಂದು ಜಲಪಾತಾನಾದ್ರೂ ನೋಡಿದೀರೇನ್ರೀ?" ಎಂದಳು ಮಲೆನಾಡಂಚಿನ ತರೀಕೆರೆ ಕಡೆಯಿಂದ ಬಂದ ಹೆಂಡತಿ ಪಂಕಜಾಕ್ಷಿ, ಕೊನೆಯ ಕೊಡವನ್ನು ಹಂಡೆಗೆ ಸುರಿಯುತ್ತ.

"ಭೂಗೋಳದೋನಿಗೆ ಕಣ್ಣು ಯಾಕೇ? ನಕ್ಷೆ ಸಾಕು!"

"ಹಂಗಾದ್ರೆ ನಕ್ಷೇನೇ ನೋಡ್ಕೊಂಡಿರಿ. ಹಂಡೆ ಮಾತ್ರ ಮುಟ್ಬೇಡಿ. ಮಠದ ಅಯ್ಯನೋರು ಹನ್ನೆರಡಕ್ಕೆ ಬತ್ತಾರೆ."

ಮೂರು ವರ್ಷ ಕರೆದ ಮೇಲೆ ಅಯ್ಯನವರು ಪಾದಪೂಜೆಗೆ ಒಪ್ಪಿದ್ದರು. ಪ್ರಸಾದಕ್ಕೆ ಹೋಳಿಗೆ. ಹಿತ್ತಲ ಬಾವಿಯ ಸವಳು ನೀರಲ್ಲಿ ಸಂಜೆವರೆಗೆ ಕುದಿಸಿದರೂ ಬೇಳೆ ಬೇಯದು. ಅದಕ್ಕೇ ಅವಳು ಊರಾಚೆಯ ಸಿಹಿನೀರಿನ ಬಾವಿಯಿಂದ ಎಂಟು ಕೊಡ ಹೊತ್ತು ತಂದಿದ್ದಳು. ಹಂಡೆ ತುಂಬಿತು, ಅವಳು ಹೂವು, ಬಿಲ್ವಪತ್ರೆ ತರಲು ಹೊರಟಳು.

ಮೇಷ್ಟ್ರು ಹಂಡೆಯನ್ನು ನೋಡಿದರು. ಕಟ್ಟೆಯ ಮೇಲೆ, ಎತ್ತರದಲ್ಲಿ! ಸಾಕ್ಷಾತ್ ಪರ್ವತ! ಬಾವಿಯ ಸವಳು ನೀರಾದರೆ ಮಾದರಿಗೆಲ್ಲ ಉಪ್ಪಿನ ಕಲೆ ಬೀಳುತ್ತದೆ. ಈ ನೀರು ಕೆಳಗಿನ ಪಾತ್ರೆಗೇ ತಾನೆ ಬೀಳುವುದು? ಮತ್ತೆ ಸುರಿದರಾಯಿತು!

ರಬ್ಬರ್ ಕೊಳವೆಯ ತುದಿಯನ್ನು ನೀರಿಗಿಳಿಸಿ ಹಂಡೆಯ ಕಂಠಕ್ಕೆ ಹುರಿಯಿಂದ ಬಿಗಿದರು. ಅದರ ಮೂರು ಕವಲನ್ನು ಮೂರು ಬಟ್ಟೆಕ್ಲಿಪ್ಪಿನಿಂದ ಸಿಕ್ಕಿಸಿದರು. ತಗಡಿನ ಮೇಲಿಂದ ನೆಟ್ಟಗೆ ಬೀಳುವುದು ಪಶ್ಚಿಮ ಘಟ್ಟದ್ದು. ಮಳೆಗಾಲದಲ್ಲಿ ಅಬ್ಬರ, ಬೇಸಿಗೆಯಲ್ಲಿ ದಾರ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಗಲವಾಗಿ ಹರಡಿ ಇಳಿಯುವುದು ಮಧ್ಯಭಾರತದ್ದು. ಮೂರನೆಯದು ಹಿಮಾಲಯದ್ದು, ದಿಂಬು ಹರಿದು ತೆಗೆದ ಹತ್ತಿಯೇ ಹಿಮ. ಅಲ್ಲಿನದು ಹಿಮ ಕರಗಿ, ಬಿಸಿಲೇರಿದಷ್ಟೂ ತುಂಬುತ್ತದೆ.

ಕೊಳವೆಯನ್ನು ಬಾಯಿಂದ ಎಳೆದರು. ಹರಿಯಿತು! ಮೂರೂ ಹರಿದವು! ಭೂಗೋಳ ಗೆದ್ದಿತು!

ಟಪ್ಪಂತ ಘಟ್ಟದ ಕ್ಲಿಪ್ಪು ಹಾರಿತು. ಕೊಳವೆ ಹಾವಿನಂತೆ ಹೆಡೆಯೆತ್ತಿ ನೇರ ಒಲೆಗೇ ನೀರು ಕಾರಿತು. ಬೆಂಕಿ ಚುಂಯ್ ಎಂದು ಆರಿತು. ಗಾಬರಿಯಲ್ಲಿ ಮೇಷ್ಟ್ರು ಕೊಳವೆ ಜಗ್ಗಿದರು. ಬಿಗಿದ ಹುರಿ ಬಿಚ್ಚಲಿಲ್ಲ, ಹಂಡೆಯೇ ವಾಲಿತು. ನಾಲ್ಕನೆಯ ಜಲಪಾತ ಮೇಷ್ಟ್ರ ನೆತ್ತಿಯ ಮೇಲೆ!

ಬಾಗಿಲಲ್ಲಿ ಪಂಕಜಾಕ್ಷಿ ನಿಂತಿದ್ದಳು. ಬಿಲ್ವಪತ್ರೆ ಕೈಯಿಂದ ಜಾರಿತು. ಬಯ್ಯಲಿಲ್ಲ, ಕಣ್ಣು ಮಾತ್ರ ತುಂಬಿತು. ಬೈದಿದ್ದರೆ ವಾಸಿಯಿತ್ತು.

"ಇನ್ನು ಮೂರೂವರೆ ಗಂಟೆ ಐತೆ. ನಾನು ಒಲೆ ಹಚ್ಚಿ ಹಿಟ್ಟು ಕಲಸಬೇಕು. ಕೊಡ ಅಲ್ಲೈತೆ" ಎಂದಳು.

ಮೇಷ್ಟ್ರು ಕೊಡ ಹೊತ್ತರು. ಇಡೀ ಬೀದಿ ನೋಡಿತು. ಬಾವಿಯ ಮೆಟ್ಟಿಲು ಹದಿನೆಂಟು. ಹನ್ನೆರಡು ವರ್ಷದ ಸಂಸಾರದಲ್ಲಿ ಎಣಿಸಿದ್ದು ಅಂದೇ! ಹೆಗಲಿಗೇರಿಸಿದ ಕೊಡ ಹೆಜ್ಜೆಗೊಮ್ಮೆ ತುಳುಕಿ, ಕತ್ತು ಬೆನ್ನು ಇಳಿದು ಪಂಚೆಯವರೆಗೆ ಹರಿಯಿತು.

"ಏನ್ ಮೇಷ್ಟ್ರೇ, ಬೆನ್ನ ಮೇಲೆ ಜೋಗ ಹೊತ್ಕೊಂಡು ಹೊಂಟ್ರಾ?" ಬಾವಿಕಟ್ಟೆಯ ಯಲ್ಲಮ್ಮ ನಕ್ಕಳು. ಮರುಗಳಿಗೆ ತನ್ನ ತಲೆಯ ಬಟ್ಟೆಸುರುಳಿಯ ಸಿಂಬಿ ತೆಗೆದು ಅವರ ತಲೆಗಿಟ್ಟಳು. "ಹಿಂಗೆ ಹೊರ್ಬೇಕು ಕಣ್ರೀ. ನಡೀರಿ, ನಂದೂ ಎರಡು ಕೊಡ ನಿಮ್ಮನೇಗೇ."

ಐದು ಸಲ ಹೋಗಿ ಬಂದರು. ಬೇಳೆ ಬೆಣ್ಣೆಯಂತೆ ಬೆಂದಿತು. ಹನ್ನೆರಡಕ್ಕೆ ಅಯ್ಯನವರು ಬಂದರು. ಪಾದಪೂಜೆಗೂ ನೀರು ಉಳಿದಿತ್ತು.

ಎರಡನೆಯ ಹೋಳಿಗೆ ಮುರಿಯುತ್ತ ಅಯ್ಯನವರು ಕೇಳಿದರು: "ಮೇಷ್ಟ್ರೇ, ಏನೋ ಜಲಪಾತ ಮಾಡಿದೀರಂತೆ. ನಮ್ಮ ಬಯಲುಸೀಮೇದು ಒಂದೂ ಇಲ್ವಲ್ಲ?"

ಮೇಷ್ಟ್ರು ನೋಯುವ ಕತ್ತನ್ನು ಕಷ್ಟಪಟ್ಟು ಅಡುಗೆಮನೆಯತ್ತ ತಿರುಗಿಸಿದರು. "ಐತೆ ಸ್ವಾಮಿ. ಹೆಂಗಸರ ಬೆನ್ನ ಮೇಲೆ ಬೀಳುತ್ತೆ. ಹನ್ನೆರಡು ವರ್ಷ ಅದೇ ನೀರು ಕುಡಿದೆ. ನೋಡಿದ್ದು ಇವತ್ತೇ."

ಒಳಗೆ ಬಳೆಯ ಸದ್ದು ಕೇಳಿತು. ಆಮೇಲೆ ಪಂಕಜಾಕ್ಷಿಯ ದನಿ ಬಂತು:

"ಅದಕ್ಕೆ ಮಳೆಗಾಲ ಬೇಸಿಗೆ ಅಂತ ಇಲ್ಲ ಕಣ್ರೀ, ವರ್ಷವಿಡೀ ಹರಿಯುತ್ತೆ. ನಾಳೆ ಬೆಳಿಗ್ಗೆ ಆರಕ್ಕೆ ಶುರು. ನಿಮ್ಮ ಕೊಡ ಬಾಗಿಲಲ್ಲೇ ಇಟ್ಟಿದೀನಿ!"