ಅಂಗಡಿ ಬಾಗಿಲಲ್ಲಿ ನಿಂತವಳು

ದೆವ್ವಕ್ಕೆ ಹೆದರದ ಗಂಡಸರನ್ನು ನಾನು ನೋಡಿದ್ದೇನೆ. ಆದರೆ ಹಬ್ಬ ಹತ್ತಿರ ಬಂದಾಗ ಖಾಲಿ ಅಂಗಡಿಯಲ್ಲಿ ಕೂತು ಹೆದರದ ವ್ಯಾಪಾರಸ್ಥನನ್ನು ಇನ್ನೂ ನೋಡಿಲ್ಲ. ಮಾನ್ವಿಯ ಬಜಾರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ನಾಲ್ಕು ಜನ ಗಿರಾಕಿಗಳು ಒಟ್ಟಿಗೆ ಬಂದರೆ ನಾನೇ ಎದ್ದು ಹೊರಗೆ ನಿಲ್ಲಬೇಕು. ಅಂಥ ಪ್ರಸಂಗ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅದು ಯುದ್ಧದ ಕಾಲ. ಬಟ್ಟೆ ಸಿಗುವುದೇ ಕಷ್ಟ. ಹೇಗೋ ಹೊಂದಿಸಿ ತಂದ ಸೀರೆಗಳು ನನ್ನ ಕಪಾಟಿನಲ್ಲಿ ಮಲಗಿರುತ್ತಿದ್ದವು. ಊರ ಜನ ಮಾತ್ರ ದೀಪಾವಳಿಗೆಂದು ಬಸ್ಸು ಹತ್ತಿ ರಾಯಚೂರಿಗೆ ಹೋಗಿ, ಅಂಥವೇ ಸೀರೆ ತರುತ್ತಿದ್ದರು.

ರಾಯಚೂರಿನಲ್ಲಿದ್ದ ಹೆಂಡತಿಯ ತಮ್ಮ ಶರಣಪ್ಪ ಉಪಾಯ ಹೇಳಿದ. "ಮಾವಾರ, ಸೀರಿ ಗಂಟಿನ್ಯಾಗ ಇದ್ರ ಯಾರಿಗೆ ಕಾಣ್ತದ್ರಿ? ಉಡಿಸಿ ನಿಲ್ಲಿಸಬೇಕು." ಅಲ್ಲೊಬ್ಬ ದರ್ಜಿ ಅಂಗಡಿ ಮುಚ್ಚುವಾಗ ಬಿಟ್ಟುಹೋಗಿದ್ದ ಆಳೆತ್ತರದ ಕಟ್ಟಿಗೆಯ ಗೊಂಬೆಯನ್ನು ಅವನೇ ಕೊಡಿಸಿದ. ಇಬ್ಬರೂ ಸೇರಿ ಎತ್ತಿ ಬಸ್ಸಿಗೆ ಹಾಕಿದೆವು. ಚಾದರ ಹೊದಿಸಿ, ಕಿಟಕಿಗೆ ಒರಗಿಸಿಕೊಂಡು ಕೂತೆ. ಹಿಂದಿದ್ದ ಮುದುಕ, "ಯವ್ವಾ, ಕಿಡಕಿ ಮುಚ್ಚವ್ವಾ, ಧೂಳ ಬರಾಕತ್ತದ" ಎಂದು ಹೇಳಿ ಹೇಳಿ ಸಾಕಾಗಿ, "ಭಾಳ ಸೊಕ್ಕಿನಾಕಿ ಅದಾಳ ನಿಮ್ಮ ಮನಿಯಾಕಿ" ಎಂದು ಕೊನೆಗೆ ನನ್ನನ್ನೇ ಬೈದ.

ಹಸಿರು ಸೀರೆ ಉಡಿಸಿ, ಬೀದಿಗೆ ಮುಖ ಮಾಡಿ ಬಾಗಿಲಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಹೊಸ್ತಿಲಲ್ಲೇ ನಿಂತಳು. "ಅಲ್ರೀ, ಈಕಿ ನಿಮ್ಮ ಕಡೀನ ನೋಡಾಕತ್ತಾಳಲ್ಲ?"

ಹೌದು, ಗೊಂಬೆ ಗಾದಿಯತ್ತ ತಿರುಗಿತ್ತು. "ಬಂಡಿ ಹೋದಾಗ ಹಲಗಿ ಅದರಿರಬೇಕು ಬಿಡು" ಎಂದು ಮತ್ತೆ ತಿರುಗಿಸಿಟ್ಟೆ. ಊಟ ಮುಗಿಸಿ ಕೈ ತೊಳೆದು ಬಂದರೆ ಮತ್ತೆ ನನ್ನತ್ತಲೇ ಮುಖ. ಆ ಹೊತ್ತಿನಲ್ಲಿ ಬೀದಿಯಲ್ಲಿ ಒಂದು ಬಂಡಿಯೂ ಹಾದಿರಲಿಲ್ಲ. ಅಂದು ಬಟ್ಟೆ ಅಳೆಯುವಾಗ ಕಣ್ಣೆಲ್ಲ ಗೊಂಬೆಯ ಮೇಲಿದ್ದು, ಗಿರಾಕಿಗೆ ಗೇಣುದ್ದ ಹೆಚ್ಚೇ ಹೋಯಿತು. ನನ್ನ ವಂಶದಲ್ಲಿ ಅದಕ್ಕಿಂತ ದೊಡ್ಡ ಅಪಶಕುನ ನಡೆದಿರಲಿಲ್ಲ.

ಮರುದಿನ ಮಲ್ಲಟದಿಂದ ನಿಂಗವ್ವ ಎಂಬ ಮುದುಕಿ ಬಂದಳು. ಗೊಂಬೆಯನ್ನು ಬಹಳ ಹೊತ್ತು ನೋಡಿ, "ಯಪ್ಪಾ, ನಮ್ಮ ಗೌರಿಗೆ ಹಸರು ಸೇರಂಗಿಲ್ಲ. ಬದ್ನಿಕಾಯಿ ಬಣ್ಣದ್ದು ತೆಗೀರಿ" ಎಂದಳು.

ವ್ಯಾಪಾರ ಕುದುರಿತೆಂದು ಹಿಗ್ಗಿ ಕೇಳಿದೆ: "ಮಗಳನ್ನ ಕರ್ಕೊಂಡು ಬಂದಿಲ್ಲೇನವ್ವಾ?"

"ಇಲ್ಲೇ ನಿಂತಾಳಲ್ಲ. ಹ್ವಾದ ವರ್ಷ ಜ್ವರದಾಗ ಹೋಗಿದ್ಲು."

ಎದ್ದು ಕಪಾಟಿನಿಂದ ಬದನೆಕಾಯಿ ಬಣ್ಣದ ಸೀರೆ ತೆಗೆದು ಕೊಟ್ಟೆ. ಮುದುಕಿ ತಾನೇ ಉಡಿಸಿ, ನೆರಿಗೆ ತಿದ್ದಿ, ಗಲ್ಲ ಸವರಿದಳು. ಅಂದಿನಿಂದ ಗೊಂಬೆ ತಿರುಗುವುದನ್ನು ಬಿಟ್ಟಿತು.

ನಿಂಗವ್ವ ದಿನವೂ ಬಂದು ಅದರ ಕಾಲ ಬಳಿ ಕೂತು, ಹಾದು ಹೋಗುವ ಹೆಂಗಸರನ್ನು, "ಬರ್ರಿ, ನಮ್ಮ ಗೌರಿ ಅಂಗಡಿ" ಎಂದು ಕರೆಯುತ್ತಿದ್ದಳು. ಹೆದರಿಕೆಗೋ ಕುತೂಹಲಕ್ಕೋ ಅವರು ಬಂದರು. ಸಿರವಾರದಿಂದ ಬಂದರು, ದೇವದುರ್ಗದ ಕಡೆಯಿಂದಲೂ ಬಂದರು. ಗೌರಿಯನ್ನು ನೋಡಿ ಬರಿಗೈಯಲ್ಲಿ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಹಬ್ಬದ ಹಿಂದಿನ ದಿನ ಉಳಿದದ್ದು ಗೊಂಬೆಯ ಮೈಮೇಲಿದ್ದ ಸೀರೆಯೊಂದೇ.

ಸಿರವಾರದ ಅಕ್ಕಿ ಗಿರಣಿ ಸಾಹುಕಾರರ ಹೆಂಡತಿ ಅದೇ ಬೇಕೆಂದು ಹಟ ಹಿಡಿದರು. ಸೆರಗಿಗೆ ಕೈ ಹಾಕಿದವನು ಹಿಂದೆಗೆದೆ. "ಇದು ನಂದಲ್ರೀ, ಆಕಿದು. ಆಕಿನ್ನ ಕೇಳ್ರಿ" ಎಂಬ ಮಾತು ನನ್ನ ಬಾಯಿಂದಲೇ ಬಂತು!

ಎಲ್ಲರೂ ಗೊಂಬೆಯ ಬಾಯಿ ನೋಡುತ್ತ ನಿಂತರು, ನಾನೂ ನಿಂತೆ.

"ಕೊಡಂಗಿಲ್ಲಂತ್ರಿ" ಎಂದಳು ನಿಂಗವ್ವ, ಮೆಲ್ಲಗೆ.

ಸಾಹುಕಾರತಿ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನೂ ಮರೆತು ಹೊರಟುಹೋದರು.

ಸಂಜೆ ನಿಂಗವ್ವ ಬಂಡಿ ತರಿಸಿದಳು. "ಹಬ್ಬಕ್ಕ ಮಗಳು ತವರಿಗೆ ಬರಬ್ಯಾಡೇನ್ರಿ, ಯಪ್ಪಾ?" ನನಗೆ ಇಲ್ಲವೆನ್ನಲಾಗಲಿಲ್ಲ. ಎತ್ತುವುದಕ್ಕೆ ಕೈಜೋಡಿಸಲು ಎದ್ದೆ. ಅಷ್ಟರಲ್ಲಿ ಮುದುಕಿ ಒಬ್ಬಳೇ, ಗೊಂಬೆಯ ಸೊಂಟ ಬಳಸಿ, ಹಗುರಾಗಿ ಬಂಡಿ ಹತ್ತಿಸಿದ್ದಳು. "ಹೋಗಿ ಬಾರವ್ವಾ" ಎಂದೆ. ತುಸು ಜೋರಾಗಿಯೇ ಅಂದಿರಬೇಕು. ಇಡೀ ಬಜಾರು ಇತ್ತ ತಿರುಗಿತು.

ಗೌರಿ ಮರಳಿ ಬರಲಿಲ್ಲ, ನಾನೂ ಕೇಳಲಿಲ್ಲ. ಆದರೆ ಹಬ್ಬ ಕಳೆದರೂ ನನ್ನ ಅಂಗಡಿ ಮುಂದೆ ಜನ ಗುಂಪುಗಟ್ಟಿ ನಿಲ್ಲುವುದು ತಪ್ಪಲಿಲ್ಲ. ಗೊಂಬೆಯೇ ಇಲ್ಲದ ಮೇಲೆ ಇವರು ನೋಡುವುದೇನು ಎಂದು ಯೋಚಿಸುತ್ತಿದ್ದೆ. ಒಬ್ಬಳು ತನ್ನ ಕೂಸಿಗೆ ನನ್ನತ್ತ ಬೆರಳು ಮಾಡಿ, "ಅಲ್ಲಿ ಕುಂತಾರ ನೋಡು, ಗೊಂಬಿ ಕೂಡ ಮಾತಾಡಿದವರು, ಅವರಾ" ಎಂದಾಗ ತಿಳಿಯಿತು. ವ್ಯಾಪಾರಸ್ಥನಲ್ಲವೇ ನಾನು? ಮಾರಾಟಕ್ಕೆ ಹೊಸದಾಗಿ ಬಂದ ಜರತಾರಿ ರುಮಾಲೊಂದನ್ನು ತಲೆಗೆ ಸುತ್ತಿಕೊಂಡು, ಆದಷ್ಟು ಅಲುಗಾಡದೆ ಕೂತೆ.